ದಾಖಲೆ ಪುಸ್ತಕದಲ್ಲಿ ಇಲ್ಲದ ಹೆಸರುಗಳು
(ದೈವಾಯ್ಕೆ, ವರಪ್ರಸಾದ ಮತ್ತು ಮಾನವನ ಸಮ್ಮತಿಯನ್ನು ಕುರಿತ ಒಂದು ಹಳೆಯ ವಾದದ ಚರಿತ್ರೆ)

ಶತಮಾನೋತ್ಸವವು ಕೃತಜ್ಞತೆಯ ಪರ್ವಕಾಲ. ದೇವರು ನಮ್ಮ ಧರ್ಮಕೇಂದ್ರಕ್ಕೆ ದಯಪಾಲಿಸಿದ ವರಗಳನ್ನು ಎಣಿಸಲು ಹೊರಟವನಿಗೆ ಮೊದಲು ಕೈಗೆ ಸಿಗುವುದು ಜ್ಞಾನಸ್ನಾನದ ದಾಖಲೆ ಪುಸ್ತಕ. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು, ಕೊನೆಗೆ ಗುರುಗಳ ಸಹಿ. ಒಂದೊಂದು ಸಾಲೂ ಒಂದೊಂದು ಕುಟುಂಬದ ಆನಂದದ ದಿನ. ಹತ್ತಿಯ ಗಿರಣಿಗಳ ಕೆಲಸಕ್ಕೆಂದು ದಾವಣಗೆರೆಗೆ, ಕಾರ್ಖಾನೆಗಳ ಕೆಲಸಕ್ಕೆಂದು ಹರಿಹರಕ್ಕೆ ಬಂದು ನೆಲೆಸಿದ ಹಿರಿಯರ ಸಂತಾನವು ಇಂತಹ ಪುಟಗಳಲ್ಲಿ ಸಾಲುಗಟ್ಟಿ ನಿಂತಿದೆ.

ಆದರೆ ಪುಸ್ತಕವನ್ನು ಮುಚ್ಚಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಬೀದಿಯಲ್ಲಿ, ಅದೇ ಗೋಡೆಯ ಆಚೆ ಹುಟ್ಟಿದ ಮತ್ತೊಂದು ಮಗುವಿನ ಹೆಸರು ಇಲ್ಲಿಲ್ಲ. ಈ ಮಗುವನ್ನು ದೇವರು ಆರಿಸಿಕೊಂಡನೆ? ಆ ಮಗುವನ್ನು ಕೈಬಿಟ್ಟನೆ?

ಈ ಪ್ರಶ್ನೆ ನನಗೆ ಗ್ರಂಥಗಳಿಂದ ಬಂದುದಲ್ಲ. ಗುರುದೀಕ್ಷೆಯಾದ ಹೊಸತರಲ್ಲಿ, ಬೇರೊಂದು ಊರಿನಲ್ಲಿ ನಾನು ಸಹಾಯಕ ಗುರುವಾಗಿದ್ದಾಗ, ಹೆರಿಗೆಯಾದ ಮೂರನೆಯ ದಿನ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ನನ್ನನ್ನು ಕೇಳಿದಳು: "ಸ್ವಾಮಿ, ಜ್ಞಾನಸ್ನಾನ ಮಾಡಿಸುವುದಕ್ಕೆ ಮೊದಲೇ ಹೋಯಿತು. ನನ್ನ ಮಗು ದೇವರಿಗೆ ಬೇಡವಾಯಿತೆ?" ಗುರುಮಠದ ಪಾಠಗಳು ನನಗಿನ್ನೂ ಬಾಯಿಪಾಠವಾಗಿದ್ದವು. ಆದಿಪಾಪ, ಸಂಸ್ಕಾರದ ಅಗತ್ಯ, ದೈವಶಾಸ್ತ್ರಜ್ಞರ ಅಭಿಪ್ರಾಯಭೇದ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಆಕೆ ತಲೆಬಾಗಿಸಿ ಕೇಳಿ, ಏನೂ ಹೇಳದೆ ಎದ್ದು ಹೋದಳು. ಆ ಮೌನಕ್ಕೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಇಂದು ಈ ಪುಟಗಳಲ್ಲಿ ಕೊಡಲು ಯತ್ನಿಸುತ್ತಿದ್ದೇನೆ.

ವಾದದ ಮೂಲ

ದೈವಾಯ್ಕೆಯ ಪ್ರಶ್ನೆ ಧರ್ಮಸಭೆಯಷ್ಟೇ ಹಳೆಯದು. ಸಂತ ಪೌಲರು ರೋಮನರಿಗೆ ಬರೆದ ಪತ್ರದ 9ರಿಂದ 11ನೆಯ ಅಧ್ಯಾಯಗಳಲ್ಲಿ ಇಸ್ರಯೇಲಿನ ಆಯ್ಕೆಯನ್ನು ಕುರಿತು ವ್ಯಥೆಪಟ್ಟು ವಾದಿಸುತ್ತಾರೆ. ಕುಂಬಾರನಿಗೆ ಮಣ್ಣಿನ ಮೇಲಿರುವ ಅಧಿಕಾರದ ಮಾತಿನಿಂದ ಹೊರಡುವ ಆ ವಾದವು ಕೊನೆಗೆ ಸರ್ವರ ಮೇಲೆ ಹರಿಯುವ ದೇವಕರುಣೆಯ ಸ್ತುತಿಯಲ್ಲಿ ಮುಗಿಯುತ್ತದೆ. ಮೊದಲ ಭಾಗವನ್ನು ಮಾತ್ರ ಓದಿ ಕೊನೆಯ ಭಾಗವನ್ನು ಮರೆತವರು ಎಲ್ಲ ಕಾಲದಲ್ಲಿಯೂ ಇದ್ದಾರೆ.

5ನೆಯ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ಎಂಬಾತನು ಮನುಷ್ಯನು ತನ್ನ ಸ್ವಂತ ಸಂಕಲ್ಪಬಲದಿಂದಲೇ ಪುಣ್ಯಮಾರ್ಗದಲ್ಲಿ ನಡೆಯಬಲ್ಲನೆಂದು ಬೋಧಿಸಿದನು. ಸಂತ ಅಗಸ್ಟೀನರು ಅದನ್ನು ಖಂಡಿಸಿ, ವರಪ್ರಸಾದವೇ ಮೊದಲು, ಮನುಷ್ಯನ ಸತ್ಕಾರ್ಯ ಅದರ ಫಲ ಎಂದು ಸಾರಿದರು. 529ರಲ್ಲಿ ಸೇರಿದ ಆರಂಜಿನ ಧರ್ಮಸಭಾ ಸಮ್ಮೇಳನವು, ವಿಶ್ವಾಸದ ಮೊದಲ ಮೊಳಕೆಯೂ ದೇವರ ಕೊಡುಗೆಯೇ ಎಂದು ನಿರ್ಣಯಿಸಿತು. ಅದರೊಂದಿಗೆ, ದೇವರು ಕೆಲವರನ್ನು ಕೇಡಿಗೆಂದೇ ನಿಯಮಿಸಿದ್ದಾನೆಂಬ ಮಾತನ್ನು ತಿರಸ್ಕರಿಸಿತು. ಈ ಎರಡು ಮಾತುಗಳ ನಡುವೆ ಇರುವುದೇ ಕಥೋಲಿಕ ಮಾರ್ಗ.

ಸಾವಿರ ವರ್ಷಗಳ ಅನಂತರ ಕಾಲ್ವಿನನು ದೈವಾಯ್ಕೆಯ ತತ್ತ್ವವನ್ನು ಕಠಿಣಗೊಳಿಸಿ, ದೇವರು ಕೆಲವರನ್ನು ರಕ್ಷಣೆಗೂ ಉಳಿದವರನ್ನು ವಿನಾಶಕ್ಕೂ ನಿಯಮಿಸಿದ್ದಾನೆಂದು ಬೋಧಿಸಿದನು. ಟ್ರೆಂಟ್ ಮಹಾಸಭೆಯು 1547ರ ಜನವರಿಯಲ್ಲಿ ಇದಕ್ಕೆ ಉತ್ತರ ಕೊಟ್ಟಿತು: ದೇವರ ವರಪ್ರಸಾದವು ಮುಂದಾಗಿ ಬಂದು ಮನುಷ್ಯನನ್ನು ಎಚ್ಚರಿಸುತ್ತದೆ; ಮನುಷ್ಯನು ಸ್ವತಂತ್ರವಾಗಿ ಅದಕ್ಕೆ ಸಮ್ಮತಿಸುತ್ತಾನೆ ಅಥವಾ ಅದನ್ನು ನಿರಾಕರಿಸುತ್ತಾನೆ. ಅದೇ ಮಹಾಸಭೆಯು ಇನ್ನೊಂದು ಮಾತನ್ನೂ ಹೇಳಿತು. ವಿಶೇಷ ದೈವಪ್ರಕಟನೆಯಿಲ್ಲದೆ, ಆಯ್ಕೆಯಾದವರು ಯಾರೆಂಬುದನ್ನು ಯಾರೂ ನಿಶ್ಚಯವಾಗಿ ಅರಿಯಲಾರರು. ಓದುಗರು ಈ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಕಥೋಲಿಕರೊಳಗೂ ಭಿನ್ನಾಭಿಪ್ರಾಯ ಇಲ್ಲದಿರಲಿಲ್ಲ. ವರಪ್ರಸಾದ ಮತ್ತು ಮಾನವ ಸ್ವಾತಂತ್ರ್ಯ ಹೇಗೆ ಹೊಂದಿಕೊಳ್ಳುತ್ತವೆ ಎಂಬುದರ ಬಗೆಗೆ ದೊಮಿನಿಕನ್ ಗುರುಗಳೂ ಯೇಸುಸಭೆಯ ಗುರುಗಳೂ ರೋಮಿನಲ್ಲಿ ವರ್ಷಗಟ್ಟಲೆ ವಾದಿಸಿದರು. 1607ರಲ್ಲಿ ಐದನೆಯ ಪೌಲ್ ಪೋಪರು ಯಾರ ಪರವಾಗಿಯೂ ತೀರ್ಪು ಕೊಡದೆ, ಪರಸ್ಪರ ನಿಂದೆಯನ್ನು ನಿಲ್ಲಿಸಬೇಕೆಂದು ಆಜ್ಞಾಪಿಸಿ ಸಭೆಯನ್ನು ಮುಗಿಸಿದರು. ಆದರೆ ಕ್ರಿಸ್ತರು ಆಯ್ಕೆಯಾದವರಿಗಾಗಿ ಮಾತ್ರ ಮಡಿದರೆಂಬ ಜಾನ್ಸೆನ್ ವಾದವನ್ನು 1653ರಲ್ಲಿ ಹತ್ತನೆಯ ಇನ್ನೊಸೆಂಟ್ ಪೋಪರು ಸ್ಪಷ್ಟವಾಗಿ ಖಂಡಿಸಿದರು.

ಇದೇ ಬಗೆಯ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಮರಿಕೋತಿ ತಾನೇ ತಾಯಿಯನ್ನು ಅಪ್ಪಿ ಹಿಡಿಯಬೇಕು. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಮರ್ಕಟನ್ಯಾಯ, ಮಾರ್ಜಾಲನ್ಯಾಯ ಎಂದು ಶ್ರೀವೈಷ್ಣವ ಪಂಡಿತರು ವಾದಿಸುತ್ತಿದ್ದುದು ಇದನ್ನೇ.

ಮೂರು ಸೀಮೆಗಳ ಸಂಧಿಯಲ್ಲಿ

ನಮ್ಮ ಪ್ರದೇಶಕ್ಕೆ ಈ ವಾದದ ಎಲ್ಲ ಧಾರೆಗಳೂ ಹತ್ತಿರದಲ್ಲಿಯೇ ಹರಿದಿವೆ. ಬ್ರಿಟಿಷರ ಕಾಲದಲ್ಲಿ ದಾವಣಗೆರೆ, ಹರಿಹರಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ; ಪೂರ್ವಕ್ಕೆ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಬಳ್ಳಾರಿಯಲ್ಲಿ 1810ರಿಂದ ಕಾಲ್ವಿನ್ ಸಂಪ್ರದಾಯದ ಪ್ರಭಾವವಿದ್ದ ಲಂಡನ್ ಮಿಷನ್ ಕೆಲಸ ಮಾಡುತ್ತಿತ್ತು. ಅಲ್ಲಿನ ಜಾನ್ ಹ್ಯಾಂಡ್ಸ್ ಅವರೇ ಬೈಬಲನ್ನು ಕನ್ನಡಕ್ಕೆ ತರಲು ಮೊದಲಿಗೆ ದುಡಿದವರು. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಾಸೆಲ್ ಮಿಷನ್ನಿನವರು ಬಂದರು. ಅವರಲ್ಲಿ ಲೂಥರನ ಅನುಯಾಯಿಗಳೂ ಇದ್ದರು, ಸುಧಾರಿತ ಸಭೆಯವರೂ ಇದ್ದರು. ಮೈಸೂರು ಸಂಸ್ಥಾನದೊಳಗೆ 1820ರ ದಶಕದಿಂದ ವೆಸ್ಲಿಯನ್ ಮಿಷನ್ ಇತ್ತು. ಅದರ ಮೂಲಪುರುಷ ಜಾನ್ ವೆಸ್ಲಿಯವರು, ವರಪ್ರಸಾದವು ಎಲ್ಲರಿಗೂ ಮುಕ್ತವೆಂದು ಕಾಲ್ವಿನ್ ತತ್ತ್ವವನ್ನು ವಿರೋಧಿಸಿದವರು. ನಾವು ವರಪ್ರಸಾದ ಎನ್ನುವುದನ್ನು ಆ ಸಹೋದರರು ಕೃಪೆ ಎನ್ನುತ್ತಾರೆ. ಪದ ಬೇರೆಯಾದರೂ ದಾಹ ಒಂದೇ.

ನಾವು ಕಥೋಲಿಕರು ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಗುರುಗಳು ಬೆಳೆಸಿದ ಮೈಸೂರು ಮಿಷನ್ನಿನ ಮಕ್ಕಳು. ಆ ಪರಂಪರೆಯ ಮೊದಲ ಸಾಲಿನಲ್ಲಿ ನಿಲ್ಲುವವರು ಅಬ್ಬೆ ದ್ಯುಬುವಾ. ಕನ್ನಡ ನೆಲದ ಅನುಭವದಿಂದ ದೈವಾಯ್ಕೆಯ ಪ್ರಶ್ನೆಯನ್ನು ಲೋಕದ ಮುಂದೆ ತೀಕ್ಷ್ಣವಾಗಿ ಇಟ್ಟವರೂ ಅವರೇ.

ದೊಡ್ಡಸ್ವಾಮಿಗಳ ನಿರಾಶೆ

ಜೀನ್ ಆಂತ್ವಾನ್ ದ್ಯುಬುವಾ ಅವರು 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ, ಟಿಪ್ಪುವಿನ ಕಾಲದಲ್ಲಿ ಬಲಾತ್ಕಾರದಿಂದ ಮತಾಂತರಗೊಂಡಿದ್ದ ಕ್ರೈಸ್ತರನ್ನು ಮರಳಿ ಸೇರಿಸಿಕೊಳ್ಳಲು ಮೈಸೂರು ಸೀಮೆಗೆ ಬಂದರು. ಈ ನಾಡಿನವರ ಉಡುಪನ್ನು ಧರಿಸಿ, ಅವರ ಆಹಾರವನ್ನೇ ಉಂಡು ಬಾಳಿದರು. ಜನರು ಅವರನ್ನು ಪ್ರೀತಿಯಿಂದ ದೊಡ್ಡಸ್ವಾಮಿಗಳೆಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯನ್ನು ಕಟ್ಟಿದರು. ಸಿಡುಬಿನಿಂದ ಜನ ಸಾಯುತ್ತಿದ್ದಾಗ, 1803–04ರಲ್ಲಿ ಸುಮಾರು 25,000 ಜನರಿಗೆ ದೇವಿ ಹಾಕಿಸಿದರು. ಹಿಂದೂಗಳ ಆಚಾರವಿಚಾರಗಳನ್ನು ಕುರಿತು ಅವರು ಬರೆದ ಗ್ರಂಥವನ್ನು ಈಸ್ಟ್ ಇಂಡಿಯಾ ಕಂಪನಿಯು 1816ರಲ್ಲಿ ಪ್ರಕಟಿಸಿತು.

ಇಂತಹ ಮಹನೀಯರು 1823ರಲ್ಲಿ ಭಾರತವನ್ನು ಬಿಟ್ಟು ಹೋದರು, ಮತ್ತೆ ಮರಳಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಅಚ್ಚಾದವು. ಅವುಗಳಲ್ಲಿ ಅವರ ನಿರಾಶೆಯು ಮರೆಯಿಲ್ಲದೆ ವ್ಯಕ್ತವಾಗಿದೆ. 25 ವರ್ಷಗಳ ದುಡಿಮೆಯಲ್ಲಿ, ಒಬ್ಬ ದೇಶೀಯ ಮಿಷನರಿಯ ನೆರವಿನಿಂದ, ತಮಗೆ ದೊರೆತ ಹೊಸ ವಿಶ್ವಾಸಿಗಳು ಇನ್ನೂರರಿಂದ ಮುನ್ನೂರು ಮಂದಿ ಮಾತ್ರವೆಂದೂ, ಅವರಲ್ಲಿಯೂ ಅನೇಕರು ಲೌಕಿಕ ಆಸೆಯಿಂದ ಬಂದವರೆಂದೂ ಅವರು ಒಪ್ಪಿಕೊಂಡರು. ಅಲ್ಲಿಗೂ ನಿಲ್ಲಲಿಲ್ಲ. ಈ ದೇಶದ ಜನರು ದೇವರ ಕರೆಗೆ ಹಟದಿಂದ ಕಿವಿಗೊಡದೆ ಅಯೋಗ್ಯರಾಗಿದ್ದಾರೆ, ದೇವರು ಅವರನ್ನು ಅವರ ಅಂಧಕಾರಕ್ಕೇ ಬಿಟ್ಟುಕೊಟ್ಟಿದ್ದಾನೆ ಎಂಬರ್ಥದ ಮಾತುಗಳನ್ನೂ ಬರೆದರು.

1824ರಲ್ಲಿ ಇಬ್ಬರು ಪ್ರೊಟೆಸ್ಟಂಟ್ ಪಾದ್ರಿಗಳು, ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ, ಬೇರೆ ಬೇರೆ ಪುಸ್ತಕಗಳಲ್ಲಿ ಅವರಿಗೆ ಉತ್ತರ ಕೊಟ್ಟರು. ಇದರ ವಿಪರ್ಯಾಸವನ್ನು ಗಮನಿಸಬೇಕು. ಟೌನ್ಲಿಯವರು ಕಾಲ್ವಿನ್ ಸಂಪ್ರದಾಯದ ಪ್ರಭಾವವಿದ್ದ ಅದೇ ಲಂಡನ್ ಮಿಷನ್ನಿನವರು. ಆದರೂ ಈ ವಾದದಲ್ಲಿ ದೇವರ ಬಾಗಿಲು ಭಾರತಕ್ಕೂ ತೆರೆದಿದೆ ಎಂದವರು ಅವರು. ಮುಚ್ಚಿದೆ ಎಂದವರು ನಮ್ಮವರು.

ದೊಡ್ಡಸ್ವಾಮಿಗಳನ್ನು ನಿಂದಿಸಲು ನಾನಿದನ್ನು ಬರೆಯುತ್ತಿಲ್ಲ. ಬಿತ್ತಿದವನಿಗೆ ಬೆಳೆ ಕಾಣದಿದ್ದಾಗ ಭೂಮಿಯನ್ನೇ ಬಂಜೆಯೆನ್ನುವುದು ಮಾನವಸಹಜ. ಆದರೆ ಟ್ರೆಂಟ್ ಮಹಾಸಭೆಯ ಮಾತಿನ ಬೆಳಕಿನಲ್ಲಿ ನೋಡಿದರೆ ಅವರ ತಪ್ಪು ಎಲ್ಲಿದೆಯೆಂಬುದು ತಿಳಿಯುತ್ತದೆ. ತಾನು ಆಯ್ಕೆಯಾದವನೆಂದು ತನ್ನ ವಿಷಯದಲ್ಲಿಯೇ ನಿಶ್ಚಯವಾಗಿ ಹೇಳಲಾಗದ ಮನುಷ್ಯನು, ಒಂದು ಇಡೀ ಜನಾಂಗವು ಆಯ್ಕೆಯಾಗಿಲ್ಲವೆಂದು ಹೇಗೆ ಹೇಳಬಲ್ಲನು? ತಮ್ಮ ದಾಖಲೆ ಪುಸ್ತಕದಲ್ಲಿದ್ದ ಹೆಸರುಗಳನ್ನು ಎಣಿಸಿ, ದೇವರ ಲೆಕ್ಕವೂ ಅಷ್ಟೇ ಎಂದು ಅವರು ಭಾವಿಸಿದರು. ಅವರ ಕೈಗಳಾದರೋ ಅವರ ಲೇಖನಿಗಿಂತ ಹೆಚ್ಚು ತಿಳಿದಿದ್ದವು. ದೇವಿ ಹಾಕಿಸುವಾಗ ಅವರು ಜಾತಿ ಮತಗಳನ್ನು ಕೇಳಲಿಲ್ಲ. ಭಯದಿಂದ ವಿಶ್ವಾಸವನ್ನು ಬಿಟ್ಟವರು ಮರಳಿ ಬಂದಾಗ ಬಾಗಿಲು ಹಾಕಲಿಲ್ಲ. ಮೈಸೂರು ಮಿಷನ್ ಅವರ ನಿರಾಶೆಯೊಂದಿಗೆ ಮುಗಿಯಲೂ ಇಲ್ಲ. ಅವರು 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. 1886ರಲ್ಲಿ ಮೈಸೂರು ಪೂರ್ಣ ಧರ್ಮಪ್ರಾಂತ್ಯವಾಯಿತು. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ಉದಯಿಸಿತು. ಬಂಜೆಯೆಂದ ಭೂಮಿಯ ಬೆಳೆ ನಾವು.

ಧರ್ಮಸಭೆಯ ಬೋಧನೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದಲ್ಲಿ ಈ ವಿಷಯವನ್ನು ವಿಶದಪಡಿಸಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತರ ಶುಭಸಂದೇಶವನ್ನು ಅರಿಯದಿದ್ದರೂ, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ, ವರಪ್ರಸಾದದ ಪ್ರೇರಣೆಯಿಂದ ಅಂತಃಸಾಕ್ಷಿಯಂತೆ ನಡೆಯುವವರು ರಕ್ಷಣೆಯನ್ನು ಪಡೆಯಬಲ್ಲರು. ಅದೇ ದಾಖಲೆಯು ನಮಗೂ ಎಚ್ಚರಿಕೆ ಕೊಡುತ್ತದೆ: ಧರ್ಮಸಭೆಗೆ ಸೇರಿದವನಾದರೂ ಪ್ರೀತಿಯಲ್ಲಿ ನೆಲೆಸದಿದ್ದರೆ ರಕ್ಷಣೆಯನ್ನು ಪಡೆಯಲಾರನು. ಪುಸ್ತಕದಲ್ಲಿ ಹೆಸರಿಲ್ಲವೆಂಬ ಮಾತ್ರಕ್ಕೆ ಯಾರೂ ಪರಿತ್ಯಕ್ತರಲ್ಲ; ಹೆಸರಿದೆಯೆಂಬ ಮಾತ್ರಕ್ಕೆ ಯಾರೂ ನಿಶ್ಚಿಂತರಲ್ಲ.

ಹಾಗಾದರೆ ಜ್ಞಾನಸ್ನಾನವೇಕೆ, ಸುವಾರ್ತೆಯ ಸಾರಣೆಯೇಕೆ ಎಂದು ಕೆಲವರು ಕೇಳಬಹುದು. ಆಯ್ಕೆಯೆಂಬುದು ಇತರರನ್ನು ಹೊರಗಿಡುವ ಹಕ್ಕುಪತ್ರವಲ್ಲ, ಇತರರಿಗಾಗಿ ಹೊರಿಸಿದ ಹೊಣೆ. ಅಬ್ರಹಾಮನನ್ನು ಆರಿಸಿಕೊಂಡದ್ದು ಸಕಲ ಕುಲಗಳಿಗೂ ಆಶೀರ್ವಾದವಾಗಲೆಂದು. ನಮ್ಮನ್ನು ಕರೆದದ್ದೂ ಅದಕ್ಕೆಂದೇ.

ವರಪ್ರಸಾದ ಮತ್ತು ನಮ್ಮ ಸಮ್ಮತಿಯ ಸಂಬಂಧವನ್ನು ನಮ್ಮ ರೈತರು ಬಲ್ಲ ಸಂಗತಿಯಿಂದಲೇ ಹೇಳಬಹುದು. ಭದ್ರಾ ನಾಲೆಯ ನೀರು ದಾವಣಗೆರೆಯ ಗದ್ದೆಗಳಿಗೆ ಬರುತ್ತದೆ. ಆ ನೀರನ್ನು ರೈತನು ಸೃಷ್ಟಿಸಿದವನಲ್ಲ. ಮಲೆನಾಡಿನಲ್ಲಿ ಸುರಿದ ಮಳೆ ಅವನು ಕೇಳಿ ಬಂದದ್ದಲ್ಲ. ಆದರೂ ತೂಬನ್ನು ತೆರೆಯದೆ ಕುಳಿತರೆ ಅವನ ಗದ್ದೆ ಒಣಗುತ್ತದೆ. ಈ ಉಪಮೆಗೂ ಮಿತಿಯುಂಟು. ತೂಬು ತೆರೆಯುವ ಕೈಗೆ ಬಲ ಕೊಡುವವನೂ ದೇವರೇ. ಅಲ್ಲದೆ, ನಾಲೆಯ ಕೊನೆಯ ಭಾಗದ ರೈತರಿಗೆ ನೀರು ತಲಪದ ವರ್ಷಗಳುಂಟು. ದೇವರ ನಾಲೆಯಲ್ಲಿ ಕೊನೆಯ ಭಾಗವೆಂಬುದಿಲ್ಲ.

ಒಮ್ಮೆ ಸಭೆಗಳನ್ನೇ ಒಡೆದ ಈ ವಾದವು ಇಂದು ಅವುಗಳನ್ನು ಹತ್ತಿರ ತಂದಿದೆಯೆಂಬುದು ಸಂತೋಷದ ಸಂಗತಿ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ಒಕ್ಕೂಟವೂ ಜಂಟಿ ಘೋಷಣೆಗೆ ಸಹಿ ಹಾಕಿ, ನಾವು ನೀತಿವಂತರೆನಿಸುವುದು ನಮ್ಮ ಯೋಗ್ಯತೆಯಿಂದಲ್ಲ, ಕ್ರಿಸ್ತರಲ್ಲಿ ದೊರೆತ ವರಪ್ರಸಾದದಿಂದಲೇ ಎಂದು ಒಟ್ಟಾಗಿ ಸಾರಿದವು. 2006ರಲ್ಲಿ ಮೆಥೊಡಿಸ್ಟರೂ 2017ರಲ್ಲಿ ಕಾಲ್ವಿನ್ ಪರಂಪರೆಯ ಸುಧಾರಿತ ಸಭೆಗಳ ಒಕ್ಕೂಟವೂ ಅದಕ್ಕೆ ಸಮ್ಮತಿಯಿತ್ತವು.

ಆ ತಾಯಿಗೆ ಉತ್ತರ

ಜ್ಞಾನಸ್ನಾನವಿಲ್ಲದೆ ಮಡಿದ ಶಿಶುಗಳಿಗೆ ಲಿಂಬೋ ಎಂಬ ನೆಲೆಯುಂಟೆಂದು ಹಿಂದೆ ಅನೇಕ ದೈವಶಾಸ್ತ್ರಜ್ಞರು ಹೇಳುತ್ತಿದ್ದರು. ಅದು ಎಂದೂ ವಿಶ್ವಾಸದ ಕಡ್ಡಾಯ ಸತ್ಯವಾಗಿರಲಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಅಂತಹ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. 2007ರಲ್ಲಿ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು, ಹದಿನಾರನೆಯ ಬೆನೆಡಿಕ್ಟ್ ಪೋಪರ ಅನುಮತಿಯಿಂದ ಪ್ರಕಟಿಸಿದ ದಾಖಲೆಯಲ್ಲಿ, ಅವರು ರಕ್ಷಣೆಯನ್ನು ಪಡೆಯುವರೆಂದು ಭರವಸೆಯಿಡಲು ಬಲವಾದ ಕಾರಣಗಳಿವೆ ಎಂದು ಹೇಳಿತು. ಇದು ನಿಶ್ಚಿತ ಜ್ಞಾನವಲ್ಲ, ಭರವಸೆ. ಆದರೆ ತಾಯಿಯ ಕಣ್ಣೀರಿನ ಮುಂದೆ ಭರವಸೆಗಿಂತ ದೊಡ್ಡ ಮಾತು ಯಾವುದಿದೆ?

ಅಮ್ಮಾ, ನಿನ್ನ ಮಗು ದೇವರಿಗೆ ಬೇಡವಾಗಿರಲಿಲ್ಲ. ಅದನ್ನು ಜ್ಞಾನಸ್ನಾನಕ್ಕೆ ತರಬೇಕೆಂದು ನೀನು ಪಟ್ಟ ಹಂಬಲವನ್ನು ದೇವರು ಬಲ್ಲ. ಆ ಹಂಬಲವನ್ನು ನಿನ್ನಲ್ಲಿ ಹುಟ್ಟಿಸಿದವನೂ ಅವನೇ. ಈ ಮಾತನ್ನು ನಾನು ಅಂದೇ ಹೇಳಬೇಕಾಗಿತ್ತು.

ಪ್ರತಿವರ್ಷ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಉತ್ಸವಕ್ಕೆ ಜನಸಾಗರವೇ ಹರಿದುಬರುತ್ತದೆ. 2019ರಲ್ಲಿ ಫ್ರಾನ್ಸಿಸ್ ಪೋಪರು ಆ ಪುಣ್ಯಕ್ಷೇತ್ರವನ್ನು ಬೆಸಿಲಿಕದ ಪದವಿಗೆ ಏರಿಸಿದರು. ಅಲ್ಲಿ ಮೊಂಬತ್ತಿ ಹಿಡಿದು ನಿಲ್ಲುವವರಲ್ಲಿ ಅನೇಕರ ಹೆಸರು ನಮ್ಮ ಯಾವ ಧರ್ಮಕೇಂದ್ರದ ಪುಸ್ತಕದಲ್ಲಿಯೂ ಇಲ್ಲ. ಕಾಯಿಲೆಯ ಮಗುವನ್ನು ಹೊತ್ತು ಬಂದ ಆ ತಾಯಂದಿರನ್ನು ಅಲ್ಲಿಗೆ ಕರೆತಂದವರು ಯಾರು? ಮನುಷ್ಯನು ಹೆಜ್ಜೆಯಿಡುವ ಮೊದಲೇ ದೇವರು ಅವನನ್ನು ಕರೆಯುತ್ತಾನೆಂದು ನಂಬುವ ನಾವು ಈ ಪ್ರಶ್ನೆಗೆ ಬೇರೆ ಉತ್ತರ ಕೊಡಲಾರೆವು.

ಎರಡನೆಯ ಶತಮಾನದ ಹೊಸ್ತಿಲಲ್ಲಿ ನಿಂತಿರುವ ನಾವು ನಮ್ಮ ದಾಖಲೆ ಪುಸ್ತಕವನ್ನು ಶ್ರದ್ಧೆಯಿಂದ ಬರೆಯೋಣ. ಅದರಲ್ಲಿರುವ ಹೆಸರಿಗೆ ತಕ್ಕಂತೆ ಬಾಳೋಣ. ಇನ್ನೊಂದು ಪುಸ್ತಕವನ್ನು ಬರೆಯುವವನು ದೇವರು. ಅದರ ಪುಟಗಳನ್ನು ತಿರುವುವ ಅಧಿಕಾರವನ್ನು ಅವನು ಯಾರಿಗೂ ಕೊಟ್ಟಿಲ್ಲ. ಅವನ ಕರುಣೆ ನಮ್ಮನ್ನೂ ನಮ್ಮ ನೆರೆಹೊರೆಯವರನ್ನೂ ಕಾಯಲಿ. ಆರೋಗ್ಯ ಮಾತೆಯು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.