ಅರಮನೆಯ ದೀಪ, ಬಚ್ಚಲಿನ ಬಿಸಿನೀರು: ಮೈಸೂರಿನ ಕರೆಂಟ್ ಬಿಲ್ಲಿನ ಹಿಂದಿನ ಕಥೆ

ಮೈಸೂರು ಅರಮನೆಯ ದೀಪ ನೋಡದವರು ನಮ್ಮ ಕಡೆ ಕಡಿಮೆ. ಭಾನುವಾರ ಸಂಜೆ ಏಳು ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಒಂದೊಂದನ್ನೂ 15 ವ್ಯಾಟಿನದು ಎಂದು ಹಿಡಿದರೆ, ಒಂದು ಗಂಟೆ ಉರಿಯಲು ಸುಮಾರು 1,500 ಯೂನಿಟ್ ಬೇಕು. ದೊಡ್ಡ ಲೆಕ್ಕವೇ. ಈಗ ಮನೆಯ ಲೆಕ್ಕ ನೋಡಿ. 2 ಕಿಲೋವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಎರಡು ವರ್ಷ ಕಳೆಯುವಷ್ಟರಲ್ಲಿ ಒಂದೇ ಒಂದು ಮನೆಯ ಬಚ್ಚಲು ಅರಮನೆಯ ಒಂದು ಗಂಟೆಯ ದೀಪಾಲಂಕಾರದಷ್ಟು ಕರೆಂಟ್ ಕುಡಿದಿರುತ್ತದೆ.

ಮೈಸೂರಿನ ಕರೆಂಟಿನ ಕಥೆಯನ್ನು ಎಲ್ಲರೂ ಬೆಳಕಿನ ಕಥೆಯಾಗಿಯೇ ಹೇಳುತ್ತಾರೆ. ಮನೆಯ ಬಿಲ್ಲು ಮಾತ್ರ ಹೆಚ್ಚಾಗಿ ಬಿಸಿಯ ಕಥೆ.

ಶುರುವಾಗಿದ್ದು ಶಿವನಸಮುದ್ರದಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ ಅದು. 1902ರ ಜೂನ್ ಕೊನೆಗೆ ಕಾವೇರಿ ನೀರಿನಿಂದ ತಯಾರಾದ ಕರೆಂಟ್ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಮೈಸೂರಿಗೆ 1908ರಲ್ಲಿ. ಪಕ್ಕದಲ್ಲೇ ಇದ್ದ ರಾಜಧಾನಿಗಿಂತ ದೂರದ ಗಣಿಗೆ ಮೊದಲು ಹೋಯಿತು, ಯಾಕೆಂದರೆ ದುಡ್ಡು ಕೊಡುವ ಗಿರಾಕಿ ಅಲ್ಲಿದ್ದ. ಆ ತಂತಿ ಎಷ್ಟೋ ಹಳ್ಳಿಗಳ ಹೊಲದ ಮೇಲೆ ಹಾದುಹೋಯಿತು. ಕೆಳಗಿನ ಮನೆಗಳಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆ ಬುಡ್ಡಿ. ಅದು ಆರಲು ಇನ್ನೂ ಹತ್ತಾರು ವರ್ಷ ಬೇಕಾಯಿತು.

ಬೇಸಿಗೆಯಲ್ಲಿ ಹೊಳೆ ಇಳಿದರೆ ಕರೆಂಟೂ ಇಳಿಯುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರು ಮಾಡುವಾಗ ಇದೂ ಒಂದು ಕಾರಣ. ನಾವು ಕೆ.ಆರ್.ಎಸ್. ಎಂದರೆ ಮಂಡ್ಯದ ಗದ್ದೆ ಎಂದುಕೊಳ್ಳುತ್ತೇವೆ. ಶಿವನಸಮುದ್ರದ ಯಂತ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಅದರ ಉದ್ದೇಶವಾಗಿತ್ತು. ಹಳೇ ಕನ್ನಂಬಾಡಿಯೂ ಸುತ್ತಲಿನ ಕೆಲವು ಊರುಗಳೂ ಮುಳುಗಿದವು. ಒಂದು ಯೂನಿಟ್ಟಿಗೆ ಎಷ್ಟು ಎಂದು ಬಿಲ್ಲಿನಲ್ಲಿ ಬರೆದಿರುತ್ತದೆ. ಮುಳುಗಿದ ಊರಿನ ಲೆಕ್ಕ ಅದರಲ್ಲಿ ಇರುವುದಿಲ್ಲ.

ಕರೆಂಟ್ ಬರುವ ಮೊದಲು ಮೈಸೂರಿನ ಮನೆಗಳು ಬೆಳಕನ್ನು ಕಟ್ಟಡದಲ್ಲೇ ಇಟ್ಟುಕೊಂಡಿದ್ದವು. ಹಳೇ ಅಗ್ರಹಾರದ ತೊಟ್ಟಿ ಮನೆ ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿದೆ. ನಡುವೆ ತೆರೆದ ತೊಟ್ಟಿ, ಸುತ್ತ ಜಗುಲಿ, ಮೇಲೆ ಹೆಂಚು. ಬಿಸಿಗಾಳಿ ತೊಟ್ಟಿಯಿಂದ ಮೇಲೆ ಹೋಗುತ್ತದೆ, ಕಿಟಕಿಯಿಂದ ತಂಪುಗಾಳಿ ಒಳಗೆ ಬರುತ್ತದೆ. 1898ರ ಸುಮಾರಿಗೆ ಪ್ಲೇಗು ಬಂದು ಜನ ಸತ್ತಾಗ ಇಕ್ಕಟ್ಟಾದ ಕೇರಿಗಳ ಮೇಲೆ ಸರ್ಕಾರದ ಕಣ್ಣು ಬಿತ್ತು. 1903ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. ಗಾಳಿ ಬೆಳಕು ಬರುವಂತೆ ಅಗಲ ರಸ್ತೆಯ ಹೊಸ ಬಡಾವಣೆಗಳು ಎದ್ದವು. ಉದ್ದೇಶ ಆರೋಗ್ಯ. ಹಗಲಲ್ಲಿ ದೀಪ ಹಚ್ಚದೆ ಕೆಲಸ ಸಾಗಿದ್ದು ಅದರ ಜೊತೆಗೆ ಸಿಕ್ಕ ಲಾಭ.

ಅಡುಗೆಮನೆಯ ಸೂರಿನಲ್ಲಿ ಒಂದೆರಡು ಗಾಜಿನ ಹೆಂಚು ಹಾಕುವುದೂ ಅದೇ ಜಾತಿಯ ಉಪಾಯ. ಈಗ ಆರ್‌ಸಿಸಿ ತಾರಸಿ ಬಂದಿದೆ. ಮಧ್ಯಾಹ್ನವೇ ಲೈಟು ಬೇಕು, ರಾತ್ರಿಯಿಡೀ ಫ್ಯಾನು ಬೇಕು. ತಾರಸಿಯ ಮೇಲೆ ಬೇಸಿಗೆಗೆ ಮುಂಚೆ ಎರಡು ಕೈ ಬಿಳಿ ಸುಣ್ಣ ಹೊಡೆದರೆ ಬಿಸಿಲು ಹಿಂದಕ್ಕೆ ಚಿಮ್ಮಿ ಕೋಣೆ ಅಷ್ಟಾಗಿ ಕಾಯುವುದಿಲ್ಲ. ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ಮುಂದಿನ ವರ್ಷ ಮತ್ತೆ ಹೊಡೆಯಬೇಕು.

ಇನ್ನು ಬಿಸಿನೀರು. ಹಿಂದೆ ಪೇಟೆಯಲ್ಲೂ ಹಳ್ಳಿಯಲ್ಲೂ ಬಚ್ಚಲಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಒಲೆ. ತೆಂಗಿನ ಮಟ್ಟೆ, ಕರಟ, ಸೌದೆ. ಖರ್ಚು ಕಮ್ಮಿ, ಹೊಗೆ ಜಾಸ್ತಿ. ಆ ಹೊಗೆ ಕುಡಿದವರು ಯಾರು ಎಂದು ನಮ್ಮ ಅಜ್ಜಿಯರನ್ನು ಕೇಳಬೇಕು. ಹಂಡೆಯನ್ನು ಹೊಗಳಿ ಬರೆಯುವವರು ಸಾಮಾನ್ಯವಾಗಿ ಒಲೆ ಊದಿದವರಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಅಸ್ತ್ರ ಎಂಬ ಕೇಂದ್ರ ಶುರು ಮಾಡಿದರು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅವರ ತಂಡದ ಕೆಲಸ ನಡೆಯಿತು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ: ಒಂದೇ ಉರಿಗೆ ಮೂರು ಪಾತ್ರೆ, ಹೊಗೆಗೆ ಕೊಳವೆ. ವಿಜ್ಞಾನಿಗಳು ಹಳ್ಳಿಯ ಒಲೆಯ ಮುಂದೆ ಕೂತು ಲೆಕ್ಕ ಹಾಕಿದ್ದು ನಮಗೆ ರಾಕೆಟ್ಟಿಗಿಂತ ಕಡಿಮೆ ಅನ್ನಿಸುವುದಿಲ್ಲ.

ಪೇಟೆಯ ಬಚ್ಚಲಿಗೆ ಮಾತ್ರ ಗೀಸರ್ ಬಂತು, ನಮ್ಮ ಬಚ್ಚಲಿಗೆ ಬಕೆಟ್ಟಿನಲ್ಲಿ ಮುಳುಗಿಸುವ ಕಾಯಿಲ್. ಒಂದು ಬಕೆಟ್, ಅಂದರೆ 20 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಸುಮಾರು ಅರ್ಧ ಯೂನಿಟ್ ಬೇಕು. ಐದು ಜನರ ಮನೆಯಲ್ಲಿ ದಿನಕ್ಕೊಂದು ಬಕೆಟ್ಟಿನಂತೆ ತಿಂಗಳಿಗೆ 70 ಯೂನಿಟ್. ಅದೇ ಮನೆಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಒಂದೂವರೆ ಯೂನಿಟ್ಟೂ ಇಲ್ಲ. ಹೊರಗಿನ ಲೈಟು ಆರಿಸಲಿಲ್ಲವೆಂದು ಮಕ್ಕಳಿಗೆ ಬೈಯುತ್ತೇವಲ್ಲ, ಆ ಹೊತ್ತಿಗೆ ಒಳಗೆ ಕಾಯಿಲ್ ಕುದಿಯುತ್ತಿರುತ್ತದೆ!

ಮೈಸೂರಿನ ಮಹಡಿಗಳ ಮೇಲೆ ಸೋಲಾರ್ ಹೀಟರ್ ಸಾಲುಸಾಲಾಗಿ ಕಾಣುವುದು ಸುಮ್ಮನೆ ಅಲ್ಲ. 2007ರಲ್ಲಿ ರಾಜ್ಯ ಸರ್ಕಾರ ನಗರ ವ್ಯಾಪ್ತಿಯಲ್ಲಿ 1,200 ಚದರ ಅಡಿ ಮತ್ತು ಮೇಲ್ಪಟ್ಟ ನಿವೇಶನದಲ್ಲಿ ಮನೆ ಕಟ್ಟುವವರಿಗೆ ಅದನ್ನು ಕಡ್ಡಾಯ ಮಾಡಿತು. ಹಾಕಿಸಿದವರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಬಿಲ್ಲಿನಲ್ಲಿ ಬಿಡುವ ಪದ್ಧತಿಯೂ ಬಹಳ ವರ್ಷ ನಡೆಯಿತು. ಆ ಕಡ್ಡಾಯ ಹಳ್ಳಿಗೆ ಬರಲಿಲ್ಲ. ಬಿಸಿಲು ಮಾತ್ರ ನಮ್ಮಲ್ಲೂ ಅಷ್ಟೇ ಬೀಳುತ್ತದೆ.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಉಳಿತಾಯದ ಮಾತು ಯಾಕೆ ಎನ್ನುವವರಿದ್ದಾರೆ. 200 ಯೂನಿಟ್ ಎಲ್ಲರಿಗೂ ಬಿಟ್ಟಿ ಅಲ್ಲ. ಹಿಂದಿನ ವರ್ಷ ನೀವು ಬಳಸಿದ ಸರಾಸರಿಗೆ ಶೇ 10 ಸೇರಿಸಿ ಮಿತಿ ಹಾಕಿದರು. ಸರಾಸರಿ 60 ಇದ್ದ ಮನೆಗೆ 66. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ಹಿಂದೆ ಕಾಯಿಲ್ ಇಲ್ಲದ ಮನೆಗೆ ಈ ಚಳಿಗಾಲದಲ್ಲಿ ಒಂದು ಬಂದರೆ, ಮಿತಿ ಎರಡನೇ ವಾರಕ್ಕೋ ಮೂರನೇ ವಾರಕ್ಕೋ ಮುಗಿದುಹೋಗುತ್ತದೆ.

ಸೋಲಾರ್ ಹೀಟರಿಗೆ ಮೋಟರು ಬೇಡ. ಬಿಸಿಯಾದ ನೀರು ಹಗುರವಾಗಿ ತಾನೇ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗೆ ಇಳಿಯುತ್ತದೆ. ಇದು ನಡೆಯಬೇಕಾದರೆ ತಣ್ಣೀರಿನ ಟ್ಯಾಂಕು ಹೀಟರಿಗಿಂತ ಎತ್ತರದಲ್ಲಿರಬೇಕು, ಮುಖ ದಕ್ಷಿಣಕ್ಕಿರಬೇಕು. ನಮ್ಮ ಹಳ್ಳಿಗಳ ನಿಜವಾದ ತೊಂದರೆ ಬೋರ್‌ವೆಲ್ಲಿನ ಗಡಸು ನೀರು. ತಾಮ್ರದ ಸಣ್ಣ ಕೊಳವೆಗಳಲ್ಲಿ ಬಿಳಿ ಪಾಚಿಯಂತೆ ಸುಣ್ಣ ಕಟ್ಟಿ, ಕೆಲವು ವರ್ಷಕ್ಕೆ ನೀರು ಓಡುವುದೇ ನಿಲ್ಲುತ್ತದೆ. ಗಡಸು ನೀರಿನ ಊರಿಗೆ ಗಾಜಿನ ಕೊಳವೆಯದು ವಾಸಿ. ಅದರಲ್ಲೂ ಸುಣ್ಣ ಕಟ್ಟುತ್ತದೆ, ಆದರೆ ಕೊಳವೆ ಬಿಚ್ಚಿ ತೊಳೆಯಬಹುದು. ಕೊಳ್ಳುವಾಗ ತೊಳೆದುಕೊಡಲು ವರ್ಷಕ್ಕೊಮ್ಮೆ ಬರುತ್ತೀರಾ ಎಂದು ಅಂಗಡಿಯವರನ್ನು ಮೊದಲೇ ಕೇಳಿ. ಆಷಾಢದ ಮೋಡದ ದಿನಗಳಿಗೆ ಅಜ್ಜಿಯ ಹಂಡೆಯನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ, ಒಲೆಗೆ ಒಂದು ಹೊಗೆ ಕೊಳವೆ ಕೂರಿಸಿ.