ಠಾಣೆಯ ಮರಾಠಿಗೆ ಬಂದ ಬಂಡಿ ‘ಱ’

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಸರ್ಕಾರಿ ಕಾಗದಗಳಲ್ಲಿ ‘ಅಧಿಕಾರ‍್ಯಾಂಚೆ’, ‘ಕರ್ಮಚಾರ‍್ಯಾಂನಿ’, ‘ಶೇತಕರ‍್ಯಾಂನಾ’ ಎಂಬಂಥ ಮಾತುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಮರಾಠಿ ಬರಹದಲ್ಲಿ ಇವುಗಳ ರಕಾರ ಮುಂದಿನ ಅಕ್ಷರದ ತಲೆಯೇರಿ ಕೂರುವ ರೇಫವಲ್ಲ. ಅಕ್ಷರದ ಎಡಕ್ಕೆ ಕಣ್ಣೆವೆಯಂತೆ ಬಾಗಿದ ಒಂದು ಗೀರು. ಗೀರು ತಲೆಗೇರಿದರೆ ಅರ್ಥ ಕೆಡುತ್ತದೆ. ರೇಫವಿದ್ದ ‘ದರ್ಯಾ’ ಸಮುದ್ರ, ಎವೆಯಿದ್ದ ‘ದರ‍್ಯಾ’ ಕಣಿವೆಗಳು. ‘ಆಚಾರ್ಯಾಸ’ ಎಂದರೆ ಗುರುವಿಗೆ, ‘ಆಚಾರ‍್ಯಾಸ’ ಎಂದರೆ ಅಡುಗೆಯವನಿಗೆ. ರೇಫವಿದ್ದಾಗ ಹಿಂದಿನ ಅಕ್ಷರದ ಮೇಲೆ ಒತ್ತು ಬೀಳುತ್ತದೆ, ಎವೆಯಿದ್ದಾಗ ಬೀಳುವುದಿಲ್ಲ.

1866ರಲ್ಲಿ ಠಾಣೆಯಲ್ಲಿ ‘ಅರುಣೋದಯ’ ಪತ್ರಿಕೆ ಹೊರಟ ಕಾಲಕ್ಕೆ ಅಕ್ಷರವೆಂದರೆ ಸೀಸದ ಮೊಳೆ. ಮೊಳೆ ಜೋಡಿಸುವವನು ಆಕಾರ ನೋಡಿ ಆರಿಸಿದರೆ ಮುಗಿಯಿತು. ಈ ಗೀರು ಯಾವ ಅಕ್ಷರದ ಅರ್ಧರೂಪ ಎಂದು ಅವನು ಯೋಚಿಸಬೇಕಿರಲಿಲ್ಲ. ಕಂಪ್ಯೂಟರ್ ಆಕಾರವನ್ನು ಬಿಟ್ಟು ಅಕ್ಷರಕ್ಕೆ ಸಂಖ್ಯೆ ಕೊಡತೊಡಗಿದಾಗ ಆ ಪ್ರಶ್ನೆಗೆ ಉತ್ತರ ಬೇಕಾಯಿತು.

ಉತ್ತರ ಸಿಕ್ಕಿದ್ದು ದ್ರಾವಿಡ ಭಾಷೆಗಳ ಕಡೆಯಿಂದ. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಪ್ರಕಟಿಸಿದ ಇಸ್ಕಿ ಸಂಕೇತ ಬ್ರಾಹ್ಮಿಯಿಂದ ಹುಟ್ಟಿದ ಭಾರತದ ಮುಖ್ಯ ಲಿಪಿಗಳಿಗೆಲ್ಲ ಒಂದೇ ಕೋಷ್ಟಕ ಕೊಟ್ಟಿತು. ಅದರಲ್ಲಿ ರ 207ನೆಯದು, ಱ 208ನೆಯದು. ಱ ಎಂದರೆ ಹಳಗನ್ನಡದ ಆಱು, ಅಱಿ, ತೊಱೆಗಳ ಅಕ್ಷರ. ವ್ಯಾಕರಣಕಾರರ ಶಕಟರೇಫ, ಜನರ ಬಾಯಲ್ಲಿ ಬಂಡಿ ರ. ಕನ್ನಡ ಇದನ್ನು ಎಂದೋ ರಕಾರದಲ್ಲಿ ಕರಗಿಸಿಕೊಂಡಿತ್ತು, ತಮಿಳು ಮಲಯಾಳಗಳು ಬಿಟ್ಟಿರಲಿಲ್ಲ. ಕೋಷ್ಟಕ ಎಲ್ಲರಿಗೂ ಒಂದೇ ಆದದ್ದರಿಂದ ದೇವನಾಗರಿಗೂ ಒಂದು ಬಂಡಿ ರ ಬಂತು, ರಕಾರದ ಕೆಳಗೆ ಚುಕ್ಕೆಯಿಟ್ಟ ರೂಪದಲ್ಲಿ. ಅದರ ಇಡೀ ರೂಪದಿಂದ ಮರಾಠಿಗೆ ಅಷ್ಟೇನೂ ಕೆಲಸವಿರಲಿಲ್ಲ. ಅರ್ಧರೂಪಕ್ಕೆ ಮಾತ್ರ ಎವೆಯ ಆಕಾರವನ್ನೇ ಗೊತ್ತುಮಾಡಲಾಯಿತು. ಕನ್ನಡ ಕೈಬಿಟ್ಟ ಅಕ್ಷರ ಹೀಗೆ ಮರಾಠಿಯ ನಿತ್ಯದ ಬಳಕೆಗೆ ಬಂತು.

ಯೂನಿಕೋಡ್ ತನ್ನ ಭಾರತೀಯ ಲಿಪಿಗಳನ್ನು ಇಸ್ಕಿಯ 1988ರ ಆವೃತ್ತಿಯ ಕ್ರಮದಲ್ಲೇ ಜೋಡಿಸಿತು. ದೇವನಾಗರಿಗೆ 128 ಮನೆ, ಕನ್ನಡಕ್ಕೆ 128 ಮನೆ. ಎರಡರಲ್ಲೂ ರಕಾರದ ಪಕ್ಕದ ಮನೆ ಬಂಡಿ ರಕಾರದ್ದು. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲೂ ಹಾಗೇ: ಡೊಂಬಿವಲಿಯ ಕನ್ನಡಿಗ ಮರಾಠಿ ಅರ್ಜಿ ಟೈಪಿಸಲಿ, ಹಳಗನ್ನಡದ ಪದ್ಯ ಟೈಪಿಸಲಿ, ಶಿಫ್ಟ್ ಒತ್ತಿ ‘ಜೆ’ ಕೀಲಿ ಮುಟ್ಟಬೇಕು. ಒಂದು ವ್ಯತ್ಯಾಸವಿದೆ. ದೇವನಾಗರಿಯ ಱ ಯೂನಿಕೋಡಿನ ಲೆಕ್ಕದಲ್ಲಿ ರಕಾರ ಮತ್ತು ಕೆಳಚುಕ್ಕೆಗೆ ಸಮ. ಕನ್ನಡದ ಱ ಹಾಗೆ ಒಡೆಯುವುದಿಲ್ಲ.

ತೊಡಕು ಬೇರೆ ಕಡೆಯಿಂದ ಬಂತು. 1996ರ ಯೂನಿಕೋಡ್ 2.0ರಲ್ಲಿದ್ದ ಇನ್ನೊಂದು ವಿಧಾನವನ್ನು ಮುಂದಿನ ಆವೃತ್ತಿಗಳೂ ಉಳಿಸಿಕೊಂಡವು: ಸಾದಾ ರ, ಸ್ವರ ಕಳೆಯುವ ಹಲಂತ, ಆಮೇಲೆ ಅಗಲವಿಲ್ಲದ ಜೋಡುಗ (ಝೀರೋ ವಿಡ್ತ್ ಜಾಯ್ನರ್) ಎಂಬ ಸಂಕೇತ. ತೆರೆಯ ಮೇಲೆ ಅದೇ ಎವೆ, ಒಳಗೆ ಬೇರೆ ಸಂಖ್ಯೆಗಳು. ಹೀಗಾಗಿ ಒಂದು ವಿಧಾನದಲ್ಲಿ ಟೈಪಿಸಿದ ಪದ ಇನ್ನೊಂದರಲ್ಲಿ ಹುಡುಕಿದಾಗ ಸಿಗದೆ ಹೋಗಬಹುದು. 1864ರ ಕಲ್ಯಾಣ ಸಾರ್ವಜನಿಕ ವಾಚನಾಲಯ, 1893ರ ಠಾಣೆಯ ಮರಾಠಿ ಗ್ರಂಥಸಂಗ್ರಹಾಲಯಗಳಂಥ ದೊಡ್ಡ ಸಂಗ್ರಹಗಳ ಪಟ್ಟಿ ತಯಾರಿಸುವವರಿಗೆ ಇದು ಸಣ್ಣ ಮಾತಲ್ಲ. ನಕಲು ಮಾಡುವಾಗ ಕಣ್ಣಿಗೆ ಕಾಣದ ಆ ಜೋಡುಗ ಕಳಚಿದರಂತೂ ಎವೆ ರೇಫವಾಗಿ, ಕಣಿವೆಗಳು ಸಮುದ್ರವಾಗುತ್ತವೆ.

ಸಂಖ್ಯೆಯಿದ್ದ ಮಾತ್ರಕ್ಕೆ ಆಕಾರ ಮೂಡುವುದಿಲ್ಲ, ಫಾಂಟ್ ಬೇಕು. ವಿಂಡೋಸ್ 2000ರ ಜತೆ ಬಂದ ದೇವನಾಗರಿಯ ‘ಮಂಗಲ್’, ವಿಂಡೋಸ್ ಎಕ್ಸ್‌ಪಿಯ ಜತೆ ಬಂದ ಕನ್ನಡದ ‘ತುಂಗಾ’ ಎರಡರ ಹಿಂದೆಯೂ ಇದ್ದವರು ಲಿಪಿಕಾರ ರಘುನಾಥ ಕೃಷ್ಣ ಜೋಶಿ. ಅವರು ಕೆಲಸ ಮಾಡಿದ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಮುಂದೆ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಸೇರಿತು. ಜುಹೂವಿನಲ್ಲಿದ್ದಂತೆ ನವಿ ಮುಂಬಯಿಯ ಖಾರ್‌ಘರ್‌ನಲ್ಲೂ ಅದರ ನೆಲೆಯಿದೆ.

ಮರಾಠಿಯ ಎವೆಗೆ ಬಳಸುವ ಆ ಅಗಲವಿಲ್ಲದ ಜೋಡುಗ ಕನ್ನಡಕ್ಕೂ ಬೇಕಾಗುತ್ತದೆ. ‘ಸೂರ್ಯ’ದ ಅರ್ಕಾವತ್ತು ಬೇಡವಾಗಿ, ‘ರ‍್ಯಾಂಕ್’, ‘ರ‍್ಯಾಲಿ’ಗಳಂತೆ ಪೂರ್ತಿ ರಕಾರದ ಕೆಳಗೆ ಯ ಒತ್ತು ಬರಬೇಕಾದಾಗ ಅದನ್ನು ಬಳಸುತ್ತಾರೆ. ಜಾಗ ಮಾತ್ರ ಬೇರೆ: ದೇವನಾಗರಿಯಲ್ಲಿ ಹಲಂತದ ನಂತರ, ಕನ್ನಡದಲ್ಲಿ ರಕಾರಕ್ಕೂ ಹಲಂತಕ್ಕೂ ನಡುವೆ.