ಹಡಗುಗಳ ಇಂಧನ ಮತ್ತು ಹೊಗೆ ನಿಯಂತ್ರಣ

ಹಡಗುಗಳ ಹೊಗೆ ನಿಯಂತ್ರಣವು ಹಡಗುಗಳ ಎಂಜಿನ್‌ಗಳಿಂದ ಹೊರಬೀಳುವ ಗಂಧಕದ ಆಕ್ಸೈಡ್‌ಗಳು, ಸಾರಜನಕದ ಆಕ್ಸೈಡ್‌ಗಳು, ಮಸಿ ಹಾಗೂ ಹಸಿರುಮನೆ ಅನಿಲಗಳನ್ನು ತಗ್ಗಿಸುವ ಸಲುವಾಗಿ ರೂಪುಗೊಂಡ ಅಂತರರಾಷ್ಟ್ರೀಯ ನಿಯಮಗಳ ವ್ಯವಸ್ಥೆಯಾಗಿದೆ. ಜಗತ್ತಿನ ವ್ಯಾಪಾರದ ಸರಕಿನಲ್ಲಿ ಪರಿಮಾಣದ ಲೆಕ್ಕದಲ್ಲಿ ಶೇ. 80ಕ್ಕೂ ಹೆಚ್ಚು ಭಾಗ ಸಮುದ್ರಮಾರ್ಗವಾಗಿ ಸಾಗುತ್ತದೆ. ಮನುಷ್ಯ ಚಟುವಟಿಕೆಯಿಂದ ಉಂಟಾಗುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಹಡಗುಗಳ ಪಾಲು ಸುಮಾರು ಶೇ. 3. ಕರ್ನಾಟಕದಲ್ಲಿ ಈ ವಿಷಯವು ಮುಖ್ಯವಾಗಿ ಪಣಂಬೂರಿನ ನವ ಮಂಗಳೂರು ಬಂದರು, ಮಂಗಳೂರಿನ ತೈಲ ಶುದ್ಧೀಕರಣಾಗಾರ ಹಾಗೂ ಮಲ್ಪೆಯ ಹಡಗು ನಿರ್ಮಾಣ ಕೇಂದ್ರಗಳಿಗೆ ಸಂಬಂಧಿಸಿದೆ.

ಹಿನ್ನೆಲೆ

ಕಚ್ಚಾ ತೈಲದಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಮುಂತಾದವನ್ನು ಬೇರ್ಪಡಿಸಿದ ಬಳಿಕ ತಳದಲ್ಲಿ ಉಳಿಯುವ ದಪ್ಪನೆಯ ಕಪ್ಪು ಎಣ್ಣೆಯೇ ಬಹುಕಾಲ ದೊಡ್ಡ ಹಡಗುಗಳ ಇಂಧನವಾಗಿತ್ತು. ಬಿಸಿಮಾಡಿ ತೆಳುವಾಗಿಸಿದ ಹೊರತು ಇದು ಎಂಜಿನ್ನಿಗೆ ಹರಿಯುವುದಿಲ್ಲ. ಬೆಲೆ ಅಗ್ಗವಾದರೂ ಇದರಲ್ಲಿ ಗಂಧಕದ ಅಂಶ ಬಹಳ. ಗಂಧಕವು ಉರಿದಾಗ ಉಂಟಾಗುವ ಅನಿಲ ಮತ್ತು ಸೂಕ್ಷ್ಮ ಕಣಗಳು ಶ್ವಾಸಕೋಶ ಹಾಗೂ ಹೃದಯದ ರೋಗಗಳಿಗೆ ಕಾರಣವಾಗುತ್ತವೆ, ಆಮ್ಲಮಳೆಗೂ ದಾರಿಯಾಗುತ್ತವೆ. ಇದರ ಬಾಧೆ ಹಡಗಿನ ಸಿಬ್ಬಂದಿಗೂ ಬಂದರಿನ ಸುತ್ತಲಿನ ನಿವಾಸಿಗಳಿಗೂ ಹೆಚ್ಚು.

ಭಾರತದಲ್ಲಿ 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿಎಸ್-6 ಮಾನದಂಡದ ಪ್ರಕಾರ ವಾಹನಗಳ ಡೀಸೆಲ್‌ನಲ್ಲಿ ಗಂಧಕವು ಹತ್ತು ಲಕ್ಷ ಭಾಗಕ್ಕೆ 10 ಭಾಗವನ್ನು ಮೀರುವಂತಿಲ್ಲ. ಹಡಗಿನ ಇಂಧನಕ್ಕೆ 2019ರ ಕೊನೆಯವರೆಗೆ 35,000 ಭಾಗಗಳವರೆಗೆ ಅವಕಾಶವಿತ್ತು. ಈಗಿನ ಮಿತಿಯಾದ 5,000 ಭಾಗಗಳೂ ರಸ್ತೆಯ ಡೀಸೆಲ್‌ನ ಮಿತಿಗಿಂತ 500 ಪಟ್ಟು ಅಧಿಕ.

ಅಂತರರಾಷ್ಟ್ರೀಯ ನಿಯಮಗಳು

ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಸಾಗರ ಸಂಸ್ಥೆ (ಐಎಂಒ) ಲಂಡನ್ನಿನಲ್ಲಿದೆ. ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ ಅದರ ಒಪ್ಪಂದಕ್ಕೆ 'ಮಾರ್ಪೋಲ್' ಎಂದು ಹೆಸರು. ವಾಯುಮಾಲಿನ್ಯಕ್ಕೆ ಸಂಬಂಧಿಸಿದ ಆರನೆಯ ಅನುಬಂಧವನ್ನು 1997ರಲ್ಲಿ ಅಂಗೀಕರಿಸಲಾಯಿತು; ಅದು 2005ರ ಮೇ 19ರಂದು ಜಾರಿಗೆ ಬಂದಿತು.

ಇಂಧನದಲ್ಲಿ ಗಂಧಕದ ಮಿತಿಯನ್ನು ಹಂತಹಂತವಾಗಿ ಇಳಿಸಲಾಗಿದೆ:

• 2011ರ ಕೊನೆಯವರೆಗೆ – ಶೇ. 4.50
• 2012ರ ಜನವರಿ 1ರಿಂದ – ಶೇ. 3.50
• 2020ರ ಜನವರಿ 1ರಿಂದ – ಶೇ. 0.50
• ವಿಶೇಷ ನಿಯಂತ್ರಣ ವಲಯಗಳಲ್ಲಿ 2015ರ ಜನವರಿ 1ರಿಂದ – ಶೇ. 0.10

ಬಾಲ್ಟಿಕ್ ಸಮುದ್ರ, ಉತ್ತರ ಸಮುದ್ರ, ಉತ್ತರ ಅಮೆರಿಕದ ಕರಾವಳಿ ಹಾಗೂ ಅಮೆರಿಕಕ್ಕೆ ಸೇರಿದ ಕೆರಿಬಿಯನ್ ಪ್ರದೇಶಗಳು ವಿಶೇಷ ವಲಯಗಳಾಗಿವೆ. 2025ರ ಮೇ 1ರಿಂದ ಮೆಡಿಟರೇನಿಯನ್ ಸಮುದ್ರಕ್ಕೂ ಗಂಧಕದ ಈ ಮಿತಿ ಅನ್ವಯಿಸಿದೆ. ಭಾರತದ ಕರಾವಳಿ ಇಂತಹ ವಲಯವಲ್ಲವಾದ್ದರಿಂದ ಇಲ್ಲಿ ಶೇ. 0.50ರ ಮಿತಿಯೇ ನಡೆಯುತ್ತದೆ.

ಇಂಧನ ತುಂಬಿಸುವಾಗ ಅದರ ಗಂಧಕಾಂಶವನ್ನು ನಮೂದಿಸಿದ ಪತ್ರವನ್ನೂ ಮೊಹರು ಮಾಡಿದ ಮಾದರಿಯನ್ನೂ ಹಡಗಿಗೆ ಕೊಡಬೇಕು. ಬಂದರಿನ ತಪಾಸಕರು ಇವುಗಳನ್ನು ಪರಿಶೀಲಿಸಬಹುದು. ಭಾರತದಲ್ಲಿ ಈ ಹೊಣೆ ಮುಂಬಯಿಯಲ್ಲಿರುವ ನೌಕಾಯಾನ ಮಹಾನಿರ್ದೇಶನಾಲಯದ್ದಾಗಿದೆ.

2023ರಲ್ಲಿ ಐಎಂಒ ಪರಿಷ್ಕರಿಸಿದ ಕಾರ್ಯನೀತಿಯು 2050ರ ಹೊತ್ತಿಗೆ ಹಡಗುಗಳ ಹಸಿರುಮನೆ ಅನಿಲಗಳ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುವ ಗುರಿ ಇಟ್ಟುಕೊಂಡಿದೆ. ಇದಕ್ಕಾಗಿ ಸಿದ್ಧವಾದ, ಮಿತಿ ಮೀರಿದ ಹಡಗುಗಳು ಹಣ ತೆರಬೇಕೆನ್ನುವ ಚೌಕಟ್ಟಿಗೆ 2025ರ ಏಪ್ರಿಲ್‌ನಲ್ಲಿ ಭಾರತವೂ ಸೇರಿದಂತೆ ಬಹುಮತದ ರಾಷ್ಟ್ರಗಳು ಅನುಮೋದನೆ ನೀಡಿದವು. ಆದರೆ ಅದನ್ನು ಅಂಗೀಕರಿಸಬೇಕಿದ್ದ ಅಕ್ಟೋಬರ್ ತಿಂಗಳ ಸಭೆಯನ್ನು ಒಂದು ವರ್ಷ ಮುಂದೂಡಲಾಯಿತು.

ಪಾಲನೆಯ ವಿಧಾನಗಳು

ಬಹುಪಾಲು ಹಡಗುಗಳು ಗಂಧಕ ಕಡಿಮೆ ಇರುವ ಎಣ್ಣೆಗೆ ಬದಲಾಗಿವೆ. ಕೆಲವು ಹಡಗುಗಳು ಹಳೆಯ ಎಣ್ಣೆಯನ್ನೇ ಉರಿಸಿ, ಹೊಗೆಯನ್ನು ನೀರಿನಿಂದ ತೊಳೆಯುವ 'ಸ್ಕ್ರಬ್ಬರ್' ಯಂತ್ರವನ್ನು ಅಳವಡಿಸಿಕೊಂಡಿವೆ. ತೊಳೆದ ಆಮ್ಲೀಯ ನೀರನ್ನು ಸಮುದ್ರಕ್ಕೇ ಬಿಡುವುದರಿಂದ ಮಾಲಿನ್ಯವು ಗಾಳಿಯಿಂದ ನೀರಿಗೆ ಸ್ಥಳಾಂತರಗೊಳ್ಳುತ್ತದೆ ಎಂಬ ಆಕ್ಷೇಪವಿದ್ದು, ಹಲವು ಬಂದರುಗಳು ಇದನ್ನು ನಿಷೇಧಿಸಿವೆ.

ದ್ರವೀಕೃತ ನೈಸರ್ಗಿಕ ಅನಿಲದಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ; ಆದರೆ ಉರಿಯದೆ ಸೋರುವ ಮೀಥೇನ್ ಪ್ರಬಲವಾದ ಹಸಿರುಮನೆ ಅನಿಲವಾಗಿದೆ. ಮೆಥನಾಲ್ ಇಂಧನದ ಹಡಗುಗಳು ಸಂಚಾರದಲ್ಲಿವೆ. ಅಮೋನಿಯಾದಲ್ಲಿ ಇಂಗಾಲವಿಲ್ಲವಾದರೂ ಅದು ವಿಷಕಾರಿ. ಮೆಥನಾಲ್ ಮತ್ತು ಅಮೋನಿಯಾಗಳನ್ನು ಇಂದಿಗೂ ಹೆಚ್ಚಾಗಿ ಕಲ್ಲಿದ್ದಲು ಅಥವಾ ನೈಸರ್ಗಿಕ ಅನಿಲದಿಂದಲೇ ತಯಾರಿಸಲಾಗುತ್ತದೆ. ಆದ್ದರಿಂದ ಇಂಧನ ಸ್ವಚ್ಛವೇ ಎಂಬುದು ಅದು ಉರಿಯುವ ಬಗೆಯನ್ನಷ್ಟೇ ಅಲ್ಲದೆ ಅದನ್ನು ತಯಾರಿಸಿದ ಬಗೆಯನ್ನೂ ಅವಲಂಬಿಸಿದೆ.

ಕರ್ನಾಟಕದಲ್ಲಿ

ನವ ಮಂಗಳೂರು ಬಂದರು ರಾಜ್ಯದ ಏಕೈಕ ಪ್ರಮುಖ ಬಂದರು. 1974ರಲ್ಲಿ ಇದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕಚ್ಚಾ ತೈಲ, ಅಡುಗೆ ಅನಿಲ, ಕಲ್ಲಿದ್ದಲು, ಕಾಫಿ ಮುಂತಾದವು ಇಲ್ಲಿಂದ ಸಾಗುತ್ತವೆ. ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ಹೊರಡಿಸಿದ 'ಹರಿತ್ ಸಾಗರ್' ಮಾರ್ಗಸೂಚಿಯು ಪ್ರಮುಖ ಬಂದರುಗಳೆಲ್ಲವೂ ಪ್ರತಿ ಟನ್ ಸರಕಿಗೆ ಹೊರಬೀಳುವ ಇಂಗಾಲವನ್ನು 2030ರೊಳಗೆ ಶೇ. 30ರಷ್ಟು ಹಾಗೂ 2047ರೊಳಗೆ ಶೇ. 70ರಷ್ಟು ತಗ್ಗಿಸಬೇಕೆಂದು ಸೂಚಿಸುತ್ತದೆ. ದಕ್ಕೆಯಲ್ಲಿ ನಿಂತ ಹಡಗು ತನ್ನ ಎಂಜಿನ್ ನಿಲ್ಲಿಸಿ ದಡದ ವಿದ್ಯುತ್ ಪಡೆಯುವುದು ಇದಕ್ಕೆ ಒಂದು ಮಾರ್ಗ. ಆದರೆ ಭಾರತದ ವಿದ್ಯುತ್ ಜಾಲ 50 ಹರ್ಟ್ಸ್‌ನದು. ಅನೇಕ ಹಡಗುಗಳ ಉಪಕರಣಗಳು 60 ಹರ್ಟ್ಸ್‌ನವು. ಹೀಗಾಗಿ ಪರಿವರ್ತಕಗಳ ವೆಚ್ಚ ಕೂಡುತ್ತದೆ.

ಬಂದರಿಗೆ ಹೊಂದಿಕೊಂಡಂತೆ ಬೆಳೆದ ಮಂಗಳೂರು ರಿಫೈನರಿ ಅಂಡ್ ಪೆಟ್ರೋಕೆಮಿಕಲ್ಸ್ ಲಿಮಿಟೆಡ್ (ಎಂಆರ್‌ಪಿಎಲ್) ವಾರ್ಷಿಕ 150 ಲಕ್ಷ ಟನ್ ಸಾಮರ್ಥ್ಯ ಹೊಂದಿದೆ. ಅದರ ಮೂರನೆಯ ಹಂತದ ವಿಸ್ತರಣೆಯಲ್ಲಿ ತಳದ ಎಣ್ಣೆಯನ್ನು ಒಡೆದು ಹಗುರ ಇಂಧನ ಹಾಗೂ ಕೋಕ್ ಆಗಿ ಪರಿವರ್ತಿಸುವ ಘಟಕ, ಗಂಧಕವನ್ನು ಬೇರ್ಪಡಿಸುವ ಘಟಕಗಳು ಸ್ಥಾಪನೆಯಾದವು. ಇವುಗಳ ಧೂಳು ಮತ್ತು ವಾಸನೆಯ ವಿರುದ್ಧ ಜೋಕಟ್ಟೆ ಪರಿಸರದ ನಿವಾಸಿಗಳು ಹೋರಾಟ ನಡೆಸಿದ್ದಾರೆ. ಇಂಧನವನ್ನು ಶುದ್ಧಗೊಳಿಸುವ ಕೆಲಸದ ಹೊರೆ ದಡದ ಊರುಗಳ ಮೇಲೂ ಬೀಳಬಹುದೆಂಬುದಕ್ಕೆ ಇದು ನಿದರ್ಶನವಾಗಿದೆ.

ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಹಿಂದೆ ಟೆಬ್ಮಾ ಎಂಬ ಹೆಸರಿನಲ್ಲಿತ್ತು. 2020ರಲ್ಲಿ ಅದನ್ನು ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡಿತು. ನಾರ್ವೆಯ ವಿಲ್ಸನ್ ಸಂಸ್ಥೆಯಿಂದ 3,800 ಟನ್ ಭಾರ ಸಾಮರ್ಥ್ಯದ ಆರು ಡೀಸೆಲ್-ವಿದ್ಯುತ್ ಸರಕು ಹಡಗುಗಳ ನಿರ್ಮಾಣದ ಕರಾರನ್ನು ಅದು 2023ರಲ್ಲಿ ಪಡೆಯಿತು. ಯುರೋಪಿನ ಕರಾವಳಿಯ ಕಠಿಣ ನಿಯಮಗಳು ಕರ್ನಾಟಕದ ಕುಶಲಕರ್ಮಿಗಳಿಗೆ ಉದ್ಯೋಗವಾದ ಪ್ರಸಂಗವಿದು.

ಇದೇ ಕರಾವಳಿಯ ಮೀನುಗಾರಿಕೆಯ ಚಿತ್ರ ಬೇರೆಯೇ ಆಗಿದೆ. ಯಾಂತ್ರೀಕೃತ ದೋಣಿಗಳು ಡೀಸೆಲ್ ಬಳಸುತ್ತವೆ; ನಾಡದೋಣಿಗಳ ಹೊರಎಂಜಿನ್‌ಗಳಿಗೆ ರಿಯಾಯಿತಿ ದರದ ಸೀಮೆಎಣ್ಣೆ ವಿತರಿಸಲಾಗುತ್ತದೆ. ದೊಡ್ಡ ಹಡಗುಗಳಿಗೆಂದು ರೂಪುಗೊಂಡ ಇಂಗಾಲದ ನಿಯಮಗಳ ವ್ಯಾಪ್ತಿಗೆ ಈ ದೋಣಿಗಳು ಬರುವುದಿಲ್ಲ.

ಪರಿಣಾಮ ಮತ್ತು ಚರ್ಚೆ

2020ರ ನಿಯಮದ ಬಳಿಕ ಹಡಗುಗಳ ಗಂಧಕದ ಹೊರಸೂಸುವಿಕೆ ತೀವ್ರವಾಗಿ ಇಳಿದಿದೆ. ಗಂಧಕದ ಕಣಗಳು ಬಿಸಿಲನ್ನು ಪ್ರತಿಫಲಿಸುತ್ತಿದ್ದುದರಿಂದ, ಅವು ಕಡಿಮೆಯಾದ ಮೇಲೆ ಸಮುದ್ರಗಳು ಎಷ್ಟರ ಮಟ್ಟಿಗೆ ಹೆಚ್ಚು ಬಿಸಿಯಾಗುತ್ತಿವೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ.

ಗಂಧಕದ ನಿಯಮ ಯಶಸ್ವಿಯಾಗಲು ಪರ್ಯಾಯ ಇಂಧನ ಸಿದ್ಧವಿದ್ದುದೂ ಮಿತಿಯನ್ನು ಸುಲಭವಾಗಿ ಅಳೆಯಬಹುದಾಗಿದ್ದುದೂ ಕಾರಣಗಳು. ಇಂಗಾಲದ ವಿಷಯದಲ್ಲಿ ಅಂತಹ ಇಂಧನ ಇನ್ನೂ ಸಾಕಷ್ಟು ದೊರೆಯುತ್ತಿಲ್ಲ. ದೊರೆತರೂ ಅದರ ಬೆಲೆ ಅಧಿಕ. ಆ ವೆಚ್ಚವು ಸಾಗಣೆ ದರದ ಮೂಲಕ ತೈಲ, ಗೊಬ್ಬರ, ಅಡುಗೆ ಅನಿಲಗಳ ಬೆಲೆಯಲ್ಲಿ ಸೇರಿ ಕಡಲಿನಿಂದ ದೂರದ ಬೀದರ್‌ನಂತಹ ಜಿಲ್ಲೆಗಳನ್ನೂ ತಲುಪುತ್ತದೆ. ಈ ಹೊರೆಯನ್ನು ಶ್ರೀಮಂತ ಹಾಗೂ ಅಭಿವೃದ್ಧಿಶೀಲ ರಾಷ್ಟ್ರಗಳು ಹೇಗೆ ಹಂಚಿಕೊಳ್ಳಬೇಕೆಂಬುದು ಐಎಂಒ ಮಾತುಕತೆಗಳ ಮುಖ್ಯ ವಿವಾದಗಳಲ್ಲಿ ಒಂದಾಗಿದೆ.